ಉಳಿದಿದ್ದ ಒಂದು ಗೇಣು ತೊಗಟೆ

ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದವರನ್ನು ನಾನು ಕ್ಷಮಿಸುವುದಿಲ್ಲ. ಯಲಹಂಕದ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ತಿಳಿದ ವಿಷಯ.

ಹೀಗಿರುವಾಗ, ಭಾನುವಾರದ ನಸುಕಿನಲ್ಲಿ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕುಳಿತ ನನ್ನನ್ನು ಪರಿಚಿತರೇ ಮಾತಿಲ್ಲದೆ ದಾಟಿಹೋಗತೊಡಗಿದರೆ ಏನೆಂದು ತಿಳಿಯಬೇಕು? ನಮಗೆ ರಾಗಿ ತಂದುಕೊಡುವ ಪುಟ್ಟೇನಹಳ್ಳಿಯ ಚಿಕ್ಕಮುನಿಯಪ್ಪ ತಲೆ ತಗ್ಗಿಸಿ ನಡೆದ. ಹಿಂದಿನ ಬೀದಿಯವರಂತೂ ನನ್ನನ್ನು ಕಂಬವೆಂದು ಬಗೆದರು. ನಾನು ಎದುರು ಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್ ನಂಜುಂಡಯ್ಯನವರಿಗೆ "ನಮಸ್ಕಾರ" ಎಂದರೆ ಅವರು ಆಕಾಶ ನೋಡಿದರು. (ಆಕಾಶದಲ್ಲಿ ಏನೂ ಇರಲಿಲ್ಲ. ನಾನೂ ನೋಡಿದೆ.)

ಉಚಿತ ಕ್ರಮ ಕೈಗೊಂಡೆ. ಕುರ್ಚಿಯನ್ನು ತಿರುಗಿಸಿ, ಬೀದಿಗೂ ಬೇಲಿಯಂಚಿನ ನೇರಳೆ ಮರಕ್ಕೂ ಬೆನ್ನು ಹಾಕಿ ಕುಳಿತೆ. ಬೇಸಿಗೆಯೆಲ್ಲ ಹಾಗೆಯೇ ಕುಳಿತೆ.

ಕಳೆದ ಶನಿವಾರ ನನ್ನಾಕೆ ಬಂದು ನಿಂತಳು. "ರೀ, ಮುಖ ತಿರುಗಿಸ್ಕೊಂಡು ಕೂತಿದ್ದು ಸಾಕು. ನಿಮ್ಮ ನೇರಳೆ ಮರದ ಸೊಂಟಕ್ಕೆ ಯಾರೋ ಡಾಬು ಹಾಕಿದ ಹಾಗಿದೆ, ನೋಡಿ."

ನೋಡಿದೆ. ಸೊಂಟದೆತ್ತರದಲ್ಲಿ ಕಾಂಡದ ಸುತ್ತ ತೊಗಟೆ ಕಿತ್ತುಹೋಗಿತ್ತು. ಒಂದರ ಪಕ್ಕ ಒಂದು ಗಾಯ, ಒಂದೊಂದಕ್ಕೂ ಅರಿಸಿನ ಕುಂಕುಮ. ಡಾಬಿನ ಎರಡು ತುದಿ ಕೂಡಲು ಒಂದು ಗೇಣು ಮಾತ್ರ ಬಾಕಿ!

ಅಷ್ಟರಲ್ಲಿ ಚಿಕ್ಕಮುನಿಯಪ್ಪ ರಾಗಿ ಹೊತ್ತು ಬಂದ.

"ಏನಯ್ಯ ಇದು?"

"ನೇರಳೆ ಚಕ್ಕೆ ಕಷಾಯ ಸ್ವಾಮಿ, ಸಕ್ರೆ ಕಾಯ್ಲೆಗೆ. ನಮ್ಮವ್ವಂಗೂ ಒಸಿ ಕಿತ್ಕಂಡೆ."

"ನನ್ನನ್ನೊಂದು ಮಾತು ಕೇಳಬಾರದಿತ್ತಾ?"

"ಅದೆಂಗ್ ಕೇಳಾದು? ಬಾನ್ವಾರ ನಸುಕ್ನಾಗೆ ಔಸ್ದಿ ಕೀಳಾಕ್ ಓಗೋವಾಗ ಬಾಯ್ ಬಿಡಂಗಿಲ್ಲ. ಬಿಟ್ರೆ ಔಸ್ದಿ ಕೆಲ್ಸ ಮಾಡಾಕಿಲ್ಲ. ಮರಕ್ಕೆ ಮಾತ್ರ ಮನಸ್ನಾಗೇ ತಪ್ಪಾಯ್ತು ಅಂದಿವ್ನಿ."

ಮರದ ಕ್ಷಮೆ ಕೇಳಿದ್ದಾರೆ. ಮರ ನೆಟ್ಟವನದ್ದಲ್ಲ!

"ಸುತ್ತಲೂ ಯಾಕಯ್ಯ ಕಿತ್ತಿರಿ?"

"ಒಬ್ರು ಕಿತ್ತಿದ್ ಗಾಯದ್ ಮ್ಯಾಲೇ ಇನ್ನೊಬ್ರು ಕಿತ್ರೆ ಮರಕ್ಕೆ ನೋಯಾಕಿಲ್ವಾ? ಅದ್ಕೇ ಎಲ್ರೂ ಪಕ್ಕಪಕ್ಕದಾಗೆ ಕಿತ್ಕಂಡ್ವಿ."

ದ್ವೇಷದಿಂದ ಕಡಿದ ಮರಗಳನ್ನು ಕಂಡಿದ್ದೇನೆ. ದಯೆಯಿಂದ ಸಾಯಹೊರಟದ್ದು ಇದೇ ಮೊದಲು.

ಹೈಸ್ಕೂಲಿನಲ್ಲಿ ಸಸ್ಯಶಾಸ್ತ್ರ ಹೇಳಿದವನು ಸುಮ್ಮನಿರಲಾದೀತೆ? ಅಲ್ಲೇ ಪಾಠ ಮಾಡಿದೆ. ಹೊರಗೆ ಕಾಣುವ ಒರಟು ತೊಗಟೆ ಸತ್ತ ಕಣಗಳ ಅಂಗಿ. ಮರ ದಪ್ಪವಾದಂತೆ ಅಂಗಿ ಬಿರಿಯುತ್ತದೆ. ಅದರಡಿಯ ತೆಳುವಾದ ಜೀವಂತ ಪದರವೊಂದು ಹೊರಮುಖವಾಗಿ ಹೊಸ ಬೆಂಡನ್ನು ಹೊಲಿಯುತ್ತಲೇ ಇರುತ್ತದೆ. ಒಳಗಿನ ನೀರು ಆರಬಾರದು, ಹೊರಗಿನ ಹುಳು ನುಗ್ಗಬಾರದು, ಅದಕ್ಕಾಗಿ. ಇನ್ನೂ ಒಳಗಿನ ಹಸಿ ತೊಗಟೆ ಎಲೆಯ ಅಡುಗೆ ಬೇರಿಗೆ ಇಳಿಯುವ ದಾರಿ. ಒಂದು ಕಡೆ ಗಾಯವಾದರೆ ಅಂಚು ಉಬ್ಬಿ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಉಂಗುರದಂತೆ ಪೂರ್ತಿ ಕಿತ್ತರೆ ಬೇರಿಗೆ ಉಪವಾಸ, ಮರಕ್ಕೆ ಮರಣ.

ಚಿಕ್ಕಮುನಿಯಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಂಗಾರೆ ಕೆಟ್ವಲ್ಲ ಸ್ವಾಮಿ! ನಾಳೀಕೆ ಟೇಸನ್ ಮಾಸ್ಟ್ರು ಇನ್ನೊಂದ್ಸಲ ಬತ್ತಾರೆ. ಮಿಕ್ಕಿರೋ ಗೇಣು ಅವ್ರದ್ದೇ."

"ಈಗಲೇ ಹೋಗಿ ಅವರಿಗೆ ಹೇಳಿಬನ್ನಿ" ಎಂದಳು ನನ್ನಾಕೆ. ನಮಸ್ಕಾರ ಮಾಡದವರ ಮನೆಗೆ ನಾನಾಗಿ ಹೋಗುವುದೆ? ಕಾರಣ ತಿಳಿದ ಮಾತ್ರಕ್ಕೆ ಅವಮಾನ ರದ್ದಾಗುತ್ತದೆಯೆ?

ಭಾನುವಾರ ನಸುಕಿನಲ್ಲಿಯೇ ಮರಕ್ಕೆ ಬೆನ್ನು ಕೊಟ್ಟು ನಿಂತೆ. ನಂಜುಂಡಯ್ಯನವರು ಕುಡುಗೋಲು, ಕುಂಕುಮದ ಬಟ್ಟಲು ಹಿಡಿದು ಬಂದರು. ತೊಗಟೆಯ ಪಾಠವನ್ನು ಪೂರ್ತಿ ಒಪ್ಪಿಸಿದೆ. ಅವರು ಹಸಿರು ಬಾವುಟ ತೋರಿಸುವವರಂತೆ ಕೈ ಬೀಸಿ, ಸರಿಯಿರಿ ಎಂದು ಸನ್ನೆ ಮಾಡಿದರು. ಕುಡುಗೋಲು ನನ್ನ ಪಕ್ಕೆಯ ಬಳಿಯಿಂದಲೇ ತೊಗಟೆಯತ್ತ ನುಸುಳಿತು.

ವಿಜ್ಞಾನ ಸೋತಿತು. ಬೇರೆ ದಾರಿ ಹಿಡಿದೆ.

"ಮಳೆಯಲ್ಲಿ ನನ್ನ ಛತ್ರಿ ಕಡ ಒಯ್ದು ಕಡ್ಡಿ ಮುರಿದು ತಂದವರು ತಾವು."

ಕಣ್ಣು ಮುಚ್ಚಿಕೊಂಡರು.

"ಒದ್ದೆ ಛತ್ರಿಯನ್ನು ಹಾಗೆಯೇ ಮಡಿಸಿಯೂ ಇಟ್ಟಿದ್ದಿರಿ."

ಕಿವಿ ಕೆಂಪಾಯಿತು.

"ಅಲ್ಲದೆ ನನ್ನ ಮಗಳ ಮದುವೆಯಲ್ಲಿ ಪಾಯಸ ತೆಳ್ಳಗಿದೆ ಎಂದಿರಿ. ಪಂಕ್ತಿಯಲ್ಲಿ. ಬೀಗರ ಎದುರಿಗೆ!" (ಅಕ್ಕಿಗೆ ರೇಷನ್ ಇದ್ದ ಕಾಲ. ಬೇರೆ ಯಾರೂ ಹಾಗೆನ್ನಲಿಲ್ಲ.)

"ತೆಳ್ಳಗಲ್ಲ ಕಣ್ರೀ, ನೀರು! ಬರೀ ನೀರು! ಆ ಛತ್ರಿ ಕಡ್ಡೀನೂ ಮೊದಲೇ ಮುರಿದಿತ್ತು!"

ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಏನು ಫಲ? ಅಂದಿನ ಔಷಧಿ ಕೆಟ್ಟಿತು.

"ಹಾಳು ಮಾಡಿಬಿಟ್ರಲ್ಲ ಮೇಷ್ಟ್ರೇ! ಮುಂದಿನ ಭಾನುವಾರ ಬರ್ತೀನಿ."

"ಬನ್ನಿ."

"ಇನ್ನೇನ್ ಉಳಿದಿದೆ ನಿಮ್ಮ ಹತ್ರ?"

"ಬೇಕಾದಷ್ಟಿದೆ" ಎಂದೆ.

ಸಕ್ಕರೆ ಕಾಯಿಲೆಗೆ ನೇರಳೆ ಬೀಜದ ಪುಡಿಯೂ ಆಗುತ್ತದೆಂದು ನನ್ನಾಕೆ ಅವರ ಮನೆಗೆ ಒಂದು ಡಬ್ಬಿ ಕಳುಹಿಸಿದ್ದಾಳೆ. (ಡಬ್ಬಿ ಇನ್ನೂ ವಾಪಸು ಬಂದಿಲ್ಲ. ಗಮನಿಸುತ್ತಿದ್ದೇನೆ.) ಗೇಣಗಲದ ತೊಗಟೆ ಹಾಗೆಯೇ ಇದೆ.

ಹಳೆಯದನ್ನೆಲ್ಲ ಮರೆತುಬಿಡಿ ಎಂದು ನನಗೆ ಬುದ್ಧಿ ಹೇಳುವ ಹಿತೈಷಿಗಳು ದಯಮಾಡಿ ಉತ್ತರಿಸಲಿ: ಆ ಪಾಯಸವನ್ನು ನಾನು ಮರೆತಿದ್ದರೆ ಈ ಮರ ಉಳಿಯುತ್ತಿತ್ತೆ?