ಮೊಳಕೆ ರಾಗಿಗೆ ಎರಡು ಕಾಯಿಲ್

ತಿ. ನರಸೀಪುರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ದೇವರಾಜುವಿನ ಹೆಂಡತಿ ಕೋಮಲಳಿಗೆ ಒಂದು ಜ್ವರದ ನಂತರ ವಾಸನೆ ತಿಳಿಯದಂತಾಯಿತು. ಮಲ್ಲಿಗೆ ಮುಡಿದರೆ ಮುಡಿದಿದ್ದೇ ಮರೆತುಹೋಗುತ್ತಿತ್ತು. ಊಟವೆಂದರೆ ಬರೀ ಬಿಸಿ, ಬರೀ ಮೆತ್ತಗೆ. ಬೆಳಗ್ಗೆ ಹೊಳೆ ಕಡೆಯಿಂದ ಮಂಜು ಬಂದು ಬೀದಿ ಮಸುಕಾದಾಗ, ತಾನು ಅದರೊಳಗೇ ಉಳಿದುಬಿಟ್ಟಿದ್ದೇನೆ, ಲೋಕವೆಲ್ಲ ಆಚೆ ಇದೆ ಅನ್ನಿಸುತ್ತದೆ ಎಂದು ಒಮ್ಮೆ ಗಂಡನಿಗೆ ಹೇಳಿದಳು.

ಆಗಲೇ ಅವಳಿಗೆ ಆ ಕನಸು ಬೀಳತೊಡಗಿದ್ದು. ತಾಂಡವಪುರದ ತವರಿನ ಅಡುಗೆಮನೆ, ಬೂದಿ ಮುಚ್ಚಿದ ಕೆಂಡ, ಮೇಲೆ ಮೊಳಕೆ ರಾಗಿಯ ಹಿಟ್ಟು ಕದಡಿಟ್ಟ ಮಡಕೆ. ಬೆಲ್ಲ ಹಾಕದೆಯೇ ಆ ರಾಗಿ ತಾನಾಗಿ ಸಿಹಿಯಾಗುತ್ತಿತ್ತು. ಕನಸಿನಲ್ಲಿ ಅದರ ಘಮ ಇರುತ್ತಿತ್ತು. ಕಣ್ಣು ಬಿಟ್ಟರೆ ಇಲ್ಲ.

ದೇವರಾಜು ಅತ್ತೆ ಚಿಕ್ಕಮಾದಮ್ಮನನ್ನು ವಿಚಾರಿಸಿದ.

"ಬೆರಳಿಟ್ರೆ ಚುರ್ ಅನ್ಬೇಕು, ಕುದಿ ಬರ್ಬಾರ್ದು. ಅದ್ನ ಕಾಯ್ತಾ ಕೂರ್ಬೇಕು ಕಣಪ್ಪ, ಸುಮ್ನೆ ಕಾಯ್ಸ್‌ಬುಟ್ರೆ ಆಗಾಕಿಲ್ಲ," ಎಂದಳು ಮುದುಕಿ.

ಗ್ಯಾಸಿನ ಮೇಲಿಟ್ಟರೆ ಕುದಿದು ಗಂಜಿಯಾಯಿತು. ಇಳಿಸಿಟ್ಟರೆ ಆರಿ ಹುಳಿಯಾಯಿತು. ಕೊನೆಗೆ ಅವನು ತನಗೆ ಗೊತ್ತಿದ್ದ ದಾರಿ ಹಿಡಿದ. ದೊಡ್ಡ ಪಾತ್ರೆಯ ನೀರಿಗೆ ಎರಡು ಹೀಟರ್ ಕಾಯಿಲ್ ಜೋಡಿಸಿ, ರಾಗಿಯ ಪಾತ್ರೆಯನ್ನು ಆ ನೀರಿನಲ್ಲಿ ಕೂರಿಸಿದ. ಎರಡೂ ಒಟ್ಟಿಗೆ ಉರಿದರೆ ಫ್ಯೂಸ್ ಹೋಗುತ್ತಿತ್ತು. ಅದಕ್ಕೆ ಚೇಂಜೋವರ್ ಸ್ವಿಚ್ ಹಾಕಿದ. ಮೇಲಕ್ಕೆ ತಳ್ಳಿದರೆ ನೀರನ್ನು ಬೇಗ ಕಾಯಿಸುವ ದೊಡ್ಡ ಕಾಯಿಲ್. ಕೆಳಕ್ಕೆ ಎಳೆದರೆ ಚಿಕ್ಕದೊಂದೇ. ಚಿಕ್ಕದಕ್ಕೆ ಹಳೇ ಗೀಸರಿನ ಥರ್ಮೋಸ್ಟಾಟ್ ಕಟ್ಟಿದ್ದರಿಂದ ಬಿಸಿಯೇರಿದಾಗ ಅದು ತಾನೇ ನಿಲ್ಲುತ್ತಿತ್ತು, ಆರಿದಾಗ ಮತ್ತೆ ಹತ್ತುತ್ತಿತ್ತು.

ಒಂದು ಭಾನುವಾರ ಇಬ್ಬರೂ ನೆಲದ ಮೇಲೆ ಅದನ್ನು ಕಾಯುತ್ತಾ ಕೂತರು. ಟಿಕ್ ಎಂದು ಕೆಂಪು ದೀಪ ಹತ್ತುವುದು, ಆರುವುದು. ಕಿಟಕಿಯ ಬಿಸಿಲಿನಲ್ಲಿ ಆವಿ ನಿಧಾನ ತಿರುಗುತ್ತಿತ್ತು. ಗೋಡೆಗೆ ಒರಗಿದ್ದ ಕೋಮಲಳಿಗೆ ಜೊಂಪು ಹತ್ತಿತು. ಎಬ್ಬಿಸಿ ಲೋಟ ಕೊಟ್ಟ.

"ಸಿಹಿ ಆಗೈತೆ ಕಣ್ರೀ."

"ವಾಸ್ನೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನ ಮುಖ ಸಪ್ಪಗಾಯಿತು. ಅವಳು ಮಾತ್ರ ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದಳು. ಅಂದಿನಿಂದ ಭಾನುವಾರ ಬೆಳಗ್ಗೆ ಅದೇ ಅವರ ಕೆಲಸವಾಯಿತು.

ಮಳೆಗಾಲ ಕಳೆದ ಮೇಲೊಮ್ಮೆ, ಆವಿಯ ಮುಂದೆ ಕಣ್ಣು ಮುಚ್ಚಿ ಕೂತಿದ್ದವಳು ಥಟ್ಟನೆ ಎದ್ದು ಮೈನ್ ಸ್ವಿಚ್ ಆರಿಸಿದಳು.

"ಏನೋ ಸೀಯ್ತಾ ಐತೆ."

ಸ್ವಿಚ್ಚಿನ ಹಿಂದಿನ ವೈರ್ ಕರಗಿ ಕಪ್ಪಾಗಿತ್ತು. ಅದನ್ನು ಬಿಚ್ಚಿ ತೆಗೆದ ದೇವರಾಜುವಿಗೆ ಆಮೇಲೆ ಹೊಳೆಯಿತು, ವಾಸನೆ ಮೊದಲು ತಿಳಿದದ್ದು ಅವಳಿಗೆ. ಅವನು ಆ ತುಂಡನ್ನು ಅವಳ ಕೈಗಿಟ್ಟ. ಕೋಮಲ ಸುಟ್ಟ ವೈರನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತೇ ಇದ್ದಳು.