ಗಂಟು ಹಾಕದ ತಾಡಪತ್ರಿ

ಕಾಕಾ ಅವರ ಬಿಳಿ ಟೋಪಿಯಲ್ಲಿ ಯಾವಾಗಲೂ ಒಂದು ದಬ್ಬಣ ಚುಚ್ಚಿರುತ್ತಿತ್ತು. ಅದರ ಕಣ್ಣಿಗೆ ಪೋಣಿಸಿದ ಸುತಳಿ ಕಿವಿಯ ಹಿಂದಿನಿಂದ ಭುಜದವರೆಗೆ ಇಳಿಬಿದ್ದಿರುತ್ತಿತ್ತು. ಭಾಲ್ಕಿಯಲ್ಲಿ ಸಭೆಯಿರಲಿ, ಮದುವೆಯಿರಲಿ, ಮಕ್ಕಳ ನಾಟಕವಿರಲಿ, ಪೆಂಡಾಲು ಹಾಕುವವರು ಅವರೇ. ಬೀದರಿನಿಂದಲೂ ಕರೆ ಬರುತ್ತಿತ್ತು. ಊರಿಗೆಲ್ಲ ಅವರು ಪೆಂಡಾಲ್ ಕಾಕಾ. ನಾನಾಗ ಅಲ್ಲಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಸಣ್ಣ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಇಬ್ಬರಿಗೂ ದಿನಾ ಜಟಾಪಟಿ.

ಅವರು ಬಟ್ಟೆಗೆ ಕತ್ತರಿ ಹಾಕಲು ಬಿಡುತ್ತಿರಲಿಲ್ಲ. ವೇದಿಕೆಗೆ ಪರದೆ ಉದ್ದವಾದರೆ ಮಡಚಿ, ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಿದ್ದರು. “ಮಡಚಿದ್ದು ಮತ್ತ ಬಿಚ್ಚಬಹುದು ಟೀಚರ್. ಕತ್ತರಿಸಿದ್ದು ಹ್ಯಾಂಗ ಕೂಡಸ್ತೀರಿ?” ಬಾಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡುವರು. ನಾನು ಒಮ್ಮೆ, “ಈ ಮೊಳಿ ನಿಮ್ಮ ಮದುವಿ ಪೆಂಡಾಲಿಂದೇನ್ರಿ ಕಾಕಾ?” ಎಂದು ಕಾಡಿಸಿದ್ದಕ್ಕೆ, “ಇಲ್ರಿ, ನಮ್ಮಪ್ಪನ ಮದುವಿದು,” ಎಂದು ನಗದೇ ಹೇಳಿದ್ದರು.

ಅವರದೊಂದು ಪದ್ಧತಿಯಿತ್ತು. ಕಾರ್ಯಕ್ರಮ ಮುಗಿದ ಮೇಲೆ ತಮ್ಮ ಸಾಮಾನನ್ನೆಲ್ಲ ಸುತ್ತಿ, ಒಂದೆಳೆ ಜಗ್ಗಿದರೆ ಬಿಚ್ಚುವ ಗಂಟು ಹಾಕಿಡುವರು. “ಗಂಟು ಇದ್ದದ್ದು ನಂದು, ಇಲ್ಲದ್ದು ನಂದಲ್ಲ,” ಎನ್ನುವರು. ನನಗೆ ಅಷ್ಟು ಸಾಕಾಗಿತ್ತು. ಗಂಟಿಲ್ಲದ್ದನ್ನೆಲ್ಲ ನಾನು ಕಸಕ್ಕೆ ಹಾಕುತ್ತಿದ್ದೆ.

ಆ ವರ್ಷ ಮಳೆ ಎರಡನೆಯ ಸಲ ಕೈಕೊಟ್ಟಿತ್ತು. ಹಲಬರ್ಗಾ, ಸಾಯಗಾಂವ ಕಡೆಯ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟಿದ್ದರು. ನನ್ನ ತರಗತಿಯ ಅರ್ಧ ಜಾಗ ಖಾಲಿ. ಅಂಥದರಲ್ಲೇ ಮಕ್ಕಳ ಕಲಾ ಪ್ರದರ್ಶನ ಮಾಡಬೇಕಾಗಿ ಬಂತು. ಹೊಸದೇನೂ ಕೊಳ್ಳುವುದು ಬೇಡವೆಂದು ನಾನು ಹಟ ಹಿಡಿದೆ. ಕಾಕಾ ಹಳೆಯ ಫ್ಲೆಕ್ಸು, ಗೋಣಿ ತಂದು ಗೋಡೆ ಕಟ್ಟಿಕೊಟ್ಟರು. ಮೂರು ದಿನ ನಾನು ವೇದಿಕೆಯ ಮೇಲೆ ನಿಂತು, ಯಾವ ವಸ್ತುವನ್ನೂ ಬಿಸಾಡಬಾರದು ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿದೆ. ಆ ಮೂರೂ ದಿನ ಕಾಕಾ ವೇದಿಕೆಯ ಹಿಂದೆ ಕುಳಿತು ಏನೋ ಹೊಲಿಯುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.

ಪ್ರದರ್ಶನ ಮುಗಿದ ಮರುಕ್ಷಣವೇ ಕಾಕಾ ಅಲ್ಲಿ ಹಾಕಿದ್ದ ಇನ್ನೊಂದು ಪೆಂಡಾಲು ಬಿಚ್ಚಲು ಔರಾದಿಗೆ ಹೋದರು. ಮೈದಾನ ಚೊಕ್ಕಟ ಮಾಡಿಕೊಡಬೇಕಿತ್ತು. ವೇದಿಕೆಯ ಹಿಂದೆ ಫ್ಲೆಕ್ಸು, ಗೋಣಿಯ ರಾಶಿ ಬಿದ್ದಿತ್ತು. ಗಂಟು ಇರಲಿಲ್ಲ. ನಾನೇ ಕಡ್ಡಿ ಗೀರಿದೆ. ಕರಿ ಹೊಗೆಗೆ ಕೆಮ್ಮುತ್ತ, ಕೆಲಸ ಮುಗಿಯಿತೆಂದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮಕ್ಕಳ ಚಿತ್ರಗಳನ್ನು ಒಯ್ಯಲು ಹೋದಾಗ ಮೈದಾನದಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರಾಲಿಯಲ್ಲಿ ಪಾತ್ರೆ, ಕೋಳಿ, ಮಕ್ಕಳು, ಕಬ್ಬು ಕಡಿಯಲು ಹೊರಟ ಆರು ಮನೆಯ ಮಂದಿ. ಔರಾದಿನಿಂದ ಆಗಷ್ಟೇ ಬಂದ ಕಾಕಾ ಬೂದಿಯ ಮುಂದೆ ನಿಂತಿದ್ದರು. ಒಬ್ಬ ಅಜ್ಜಿ ಕೆಳಗಿಳಿದು ಬಂದು, “ನಮ್ಮ ತಾಡಪತ್ರಿ ಎಲ್ಲಿ ಇಟ್ಟೀರಿ ಕಾಕಾ?” ಎಂದಳು. “ಹೋದ ವರ್ಷ ಕಬ್ಬಿನ ಸೋಗಿ ಹೊಚ್ಚಿ ಮಲಗಿದ್ವಿರಿ. ಈ ಸಲ ಸೊಸಿ ಬಾಣಂತಿ ಅದಾಳ.”

ಹಳೆಯ ಫ್ಲೆಕ್ಸು, ಗೋಣಿ ಕೂಡಿಸಿ ಕಾಕಾ ಮೂರು ದಿನ ಹೊಲಿದದ್ದು ಇವರ ಗುಡಿಸಲುಗಳಿಗೆ ಹೊದಿಸುವ ತಾಡಪತ್ರಿಯನ್ನು.

“ನಾನೇ ಸುಟ್ಟೆ ಕಾಕಾ,” ಎಂದೆ. “ಗಂಟು ಇರಲಿಲ್ಲ. ಕಸ ಅಂದ್ಕೊಂಡೆ.”

“ಗಂಟು ಯಾಕ ಹಾಕ್ಲಿರಿ ಟೀಚರ್? ಅವರಿಗಿ ಕೊಟ್ಟಾಗಿತ್ತು. ನಂದಲ್ಲಲ್ಲ.”

ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ದನಿ ಸಹ ಏರಿಸಲಿಲ್ಲ. ಔರಾದಿನಿಂದ ತಂದಿದ್ದ ಗಂಟು ಬಿಚ್ಚಿ ತಮ್ಮ ಶಾಮಿಯಾನ ಹಾಸಿದರು. ಕೆಂಪು, ಹಳದಿ ಪಟ್ಟಿಯ ದಪ್ಪ ಬಟ್ಟೆ, ಆ ವರ್ಷದ ಮದುವೆ ಹಂಗಾಮಿಗೆಂದೇ ಹೊಲಿಸಿದ್ದು. ಅವರ ಬಳಿ ದೊಡ್ಡದೆಂದು ಇದ್ದದ್ದು ಅದೊಂದೇ.

“ನಿಮ್ಮ ಕತ್ತರಿ ಕೊಡ್ರಿ,” ಎಂದರು.

ಏನು ಮಾಡುತ್ತಾರೆಂದು ಹೊಳೆಯದೆ, ಚಿತ್ರದ ಹಾಳೆ ಕತ್ತರಿಸುವ ನನ್ನ ಕತ್ತರಿಯನ್ನು ಕೊಟ್ಟೆ. ಅವರು ಶಾಮಿಯಾನದ ನಟ್ಟನಡುವೆ ಕತ್ತರಿಯಿಟ್ಟರು. ಬಟ್ಟೆ ಚರ್ರೆಂದು ಸೀಳಿತು. ಇಂದಿಗೂ ಅಂಗಡಿಯಲ್ಲಿ ಯಾರಾದರೂ ಬಟ್ಟೆ ಹರಿದರೆ ಮೈ ಜುಮ್ಮೆನ್ನುತ್ತದೆ.

“ಬ್ಯಾಡ್ರಿ ಕಾಕಾ, ನಾ ಪ್ಯಾಟಿಗಿ ಹೋಗಿ ತರ್ತೇನಿ.”

“ಅಲ್ಲೀತನಕ ಟ್ರ್ಯಾಕ್ಟರ್ ನಿಂದರ್ತದೇನ್ರಿ?”

ಆರು ತುಂಡು ಮಾಡಿ, ಮನೆಗೊಂದರಂತೆ ಕೊಟ್ಟರು. “ಮಳಿಗಾಲಕ್ಕ ಬರ್ತೀರಲ್ಲ, ಆಗ ತಂದು ಕೊಡ್ರಿ,” ಎಂದರು. ಅಜ್ಜಿ ತನ್ನ ತುಂಡನ್ನು ಅಲ್ಲೇ ಸೊಸೆಗೆ ಹೊದಿಸಿದಳು.

ಮಳೆಗಾಲಕ್ಕೆ ಐದು ಮನೆಯವರು ಬಂದರು. ತುಂಡುಗಳು ಬಣ್ಣಗೆಟ್ಟಿದ್ದವು, ಒಗೆದು ಮಡಚಿ ತಂದಿದ್ದರು. ಕಾಕಾ ಟೋಪಿಯಿಂದ ದಬ್ಬಣ ತೆಗೆದರು, ನಾನು ಅಂಚು ಹಿಡಿದು ಕುಳಿತೆ. ಅಜ್ಜಿಯ ಮನೆಯವರು ಮಾತ್ರ ಬರಲಿಲ್ಲ. ಎಲ್ಲಿ ಹೋದರು, ಏನಾದರು, ಜೊತೆಗೆ ಹೋದವರಿಗೂ ತಿಳಿಯದು.

ಶಾಮಿಯಾನದ ಒಂದು ಮೂಲೆ ಬಯಲಾಗಿ ಉಳಿಯಿತು. ನಾನು ಬೀದರಿನ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಬಣ್ಣದ ಬಟ್ಟೆ ತಂದೆ. ಕಾಕಾ ಮುಟ್ಟಲಿಲ್ಲ.

“ನಾಳಿ ಅವರು ಬಂದ್ರ ಏನಂತಾರ್ರಿ? ನಮ್ಮ ಜಾಗಾ ತುಂಬಿಬಿಟ್ಟಾರ ಅನ್ನಾಂಗಿಲ್ಲೇನು?”

ಕೊನೆಯವರೆಗೂ ಅದನ್ನು ಹಾಗೆಯೇ ಕಟ್ಟಿದರು. ಜನ ನಕ್ಕರು, ಕೆಲವರು ಬೇರೆಯವರನ್ನು ಕರೆದರು. ಆ ಬಯಲಿನ ಕೆಳಗೆ ಅವರು ಕುರ್ಚಿ ಹಾಕುತ್ತಿರಲಿಲ್ಲ, ಅಷ್ಟೇ.

ಕಾಕಾ ತೀರಿಕೊಂಡ ಸುದ್ದಿ ತಿಳಿದು ಓಡಿದೆ. ಅವರ ಮನೆಯ ಮುಂದೆ ಅದೇ ಶಾಮಿಯಾನ ಕಟ್ಟಿದ್ದರು. ಊರೆಲ್ಲ ಒತ್ತೊತ್ತಾಗಿ ಕುಳಿತಿತ್ತು. ಆ ಮೂಲೆಯಲ್ಲಿ ಮಾತ್ರ ಯಾರೂ ಇಲ್ಲ, ನೆತ್ತಿಯ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ನಾನು ಹೋಗಿ ಅಲ್ಲಿ ಕುಳಿತೆ.

ಅವರ ಹೆಂಡತಿ ಅಳುವಿನ ನಡುವೆಯೂ ನನ್ನನ್ನು ಕಂಡು, “ಬಿಸಿಲಾಗ ಯಾಕ ಕುಂತೀರಿ ಟೀಚರ್, ಈ ಕಡಿ ನೆರಳಿಗಿ ಬರ್ರಿ,” ಎಂದರು.

ನನಗೆ ಏಳಲಾಗಲಿಲ್ಲ. ಆ ಜಾಗದ ನೆರಳನ್ನು ಸುಟ್ಟವಳು ನಾನೇ.