ಪೂಜೆಗೆ ಕೂತ ವೈರ್ ಬ್ಯಾಗು

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರಿಗೆ ಆಯುಧಪೂಜೆಯಷ್ಟು ಕಷ್ಟದ ಹಬ್ಬ ಇನ್ನೊಂದಿಲ್ಲ. ಚಂದಕವಾಡಿಯ ನಮ್ಮ ಮನೆಯಲ್ಲಿ ಯಾರು ಯಾವುದರಿಂದ ದುಡಿಯುತ್ತಾರೋ ಅಂದು ಅದನ್ನು ತೊಳೆದು ದೇವರ ಮುಂದೆ ಇಡಬೇಕು. ಅಪ್ಪನದು ಗುದ್ದಲಿ, ಕುಡುಗೋಲು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅವ್ವನದು ಮೊಳದುದ್ದದ ಸೌಟು. ಅಜ್ಜಿಯದು ಒನಕೆ, ಕುಟ್ಟುವುದು ನಿಂತು ಎಷ್ಟೋ ಕಾಲವಾಗಿದ್ದರೂ ಅದರ ಪಿಂಚಣಿ ನಿಂತಿರಲಿಲ್ಲ. ನನ್ನದು? ಬಿ.ಎ.ಯನ್ನು ತೊಳೆದು ಇಡುವುದಾದರೂ ಹೇಗೆ?

ಮೇಲೆ ಈ ಶರತ್ಕಾಲ ಬೇರೆ ಹೊಟ್ಟೆ ಉರಿಸುತ್ತಿತ್ತು. ಹೊಲದಲ್ಲಿ ಅರಿಸಿನ ಮಣ್ಣೊಳಗೆ ಬಲಿಯುತ್ತಿತ್ತು, ಚೆಂಡುಹೂವಿಗೂ ಪುರುಸೊತ್ತಿರಲಿಲ್ಲ. ಇಡೀ ಸೀಮೆಗೆ ನಾನೊಬ್ಬಳೇ ಖಾಲಿ. ಆದರೆ ಖಾಲಿ ಇರುವವರನ್ನು ನಮ್ಮ ಬೀದಿ ಸುಮ್ಮನೆ ಬಿಡುವುದಿಲ್ಲ. ಮಂಡಿ ನೋವಿನ, ಕಣ್ಣು ಮಂಜಾದ ಮುದುಕಿಯರೆಲ್ಲ ಚಾಮರಾಜನಗರದ ಆಸ್ಪತ್ರೆಗೆ ಜೊತೆಗೆ ನನ್ನನ್ನೇ ಕರೆಯುತ್ತಿದ್ದರು. ವೈರ್ ಬ್ಯಾಗಿನಲ್ಲಿ ನೀರು, ಇಡ್ಲಿ ಡಬ್ಬಿ ಇಟ್ಟುಕೊಂಡು ಬಸ್ ಹತ್ತುತ್ತಿದ್ದೆ. ಡಾಕ್ಟರ ಮುಂದೆ ಕೂತೊಡನೆ ಮುದುಕಿಯರು ಕಾಯಿಲೆ ಬಿಟ್ಟು ಸೊಸೆಯ ವಿಷಯ ಶುರುಮಾಡುತ್ತಿದ್ದರು. ಅದರೊಳಗಿಂದ ಎದೆನೋವನ್ನು ಹೆಕ್ಕಿ ಡಾಕ್ಟರಿಗೆ ಕೊಡುವುದು ನನ್ನ ಪಾಲು. ಇದೂ ಒಂದು ಕೆಲಸ ಎಂದು ನಾನು ಎಣಿಸಿರಲಿಲ್ಲ.

ಆ ವರ್ಷ ಬೇರೇನೂ ತೋಚದೆ ಮೊಬೈಲನ್ನು ಒರೆಸಿ ಕುಡುಗೋಲಿನ ಪಕ್ಕ ಇಟ್ಟೆ. ಕುಂಕುಮದ ಬಟ್ಟಲು ಹಿಡಿದಿದ್ದ ಅಜ್ಜಿ ಕೈ ತಡೆದಳು.

“ಅದ್ರಿಂದ ನೀ ದುಡ್ದಿಲ್ಲ ಕಣಮ್ಮಿ, ಅದೇ ನಿನ್ನ ದುಡಿಸ್ಕತ್ತದೆ. ತಗ್ದು ಅತ್ಲಾಗ್ ಮಡುಗು.”

ಅಪ್ಪ ನಕ್ಕ. ನನಗೆ ಅಳುವೇ ಬಂತು. ಇಡುವುದಕ್ಕೆ ನನ್ನ ಹತ್ತಿರ ಇನ್ನೇನಿದೆ ಎಂದು ಕೇಳಿಬಿಟ್ಟೆ. ಅಜ್ಜಿ ಎದ್ದು, ಬಾಗಿಲ ಹಿಂದಿನ ಮೊಳೆಯಿಂದ ಆ ವೈರ್ ಬ್ಯಾಗನ್ನು ತಂದು, ತನ್ನ ಒನಕೆಯನ್ನು ಸ್ವಲ್ಪ ಸರಿಸಿ ಜಾಗ ಮಾಡಿ ಕೂರಿಸಿದಳು. ಹಿಡಿಗೆ ಕುಂಕುಮವಿಟ್ಟು ಒಂದು ಚೆಂಡುಹೂ ಸಿಕ್ಕಿಸಿದಳು.

“ಬೀದಿ ಮುದ್ಕೀರ್ನೆಲ್ಲ ಆಸ್ಪತ್ರೆಗೆ ಕರ್ಕೊಂಡೋಗಿ ಕರ್ಕಂಬತ್ತಿದ್ದೀಯಲ್ಲ, ಬರಿಗೈಲಾ?”

ಬನ್ನಿಮರದಲ್ಲಿ ಆಯುಧ ಬಚ್ಚಿಟ್ಟು ಹೋದ ಪುರಾಣದ ವೀರರೂ ಒಂದು ವರ್ಷ ಯಾರದೋ ಮನೆಯಲ್ಲಿ ಅಡುಗೆ ಮಾಡಿದರು, ಕುದುರೆಯ ಮೈ ತಿಕ್ಕಿದರು. ಆ ವರ್ಷವನ್ನು ದಂಡ ಎಂದು ಯಾರೂ ಹೇಳಿಲ್ಲ. ನನ್ನ ಖಾಲಿ ದಿನಗಳಿಗೂ ಅಜ್ಜಿ ಅಷ್ಟೇ ಮರ್ಯಾದೆ ಕೊಟ್ಟಳು. ಆಮೇಲೆ ಸಮಾಜಕಾರ್ಯ ಓದಿದೆ. ಈಗ ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ, ದಿಕ್ಕು ತೋಚದೆ ಬಂದವರನ್ನು ಕೂರಿಸಿ ಮಾತಾಡಿಸುವ ಕೆಲಸ. ಗಡಿಯಾಚೆಯಿಂದ ಮಲಯಾಳದವರು ಬಂದರೆ ಅರ್ಧ ಕೈಸನ್ನೆಯಲ್ಲೇ ನಡೆಯುತ್ತದೆ. ಆಯುಧಪೂಜೆಗೆ ಉಳಿದವರು ಕಂಪ್ಯೂಟರಿಗೆ ಹೂ ಮುಡಿಸಿದರೆ ನಾನು ವೈರ್ ಬ್ಯಾಗಿಗೆ ಮುಡಿಸುತ್ತೇನೆ. ನಗುವವರು ನಗಲಿ ಬಿಡಿ.

ಮೊನ್ನೆ ಅಜ್ಜಿಯನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಕೂತೊಡನೆ ಮಂಡಿನೋವು ಬಿಟ್ಟು ಮೊಮ್ಮಗಳ ವಿಷಯ ಶುರುಮಾಡಿದಳು. ಹೊರಗೆ ಸಾಲು ಗೊಣಗುತ್ತಿತ್ತು. ಮಂಡಿನೋವನ್ನು ಹೆಕ್ಕಿ ಕೊಡಲು ಬಾಯಿ ತೆರೆದವಳು, ಅಷ್ಟೂ ಹೇಳಿ ಮುಗಿಸಲಿ ಎಂದು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತೆ.